ಹೋಟೆಲಿಗೆ ಯಾವುದು, ಕಚೇರಿಗೆ ಯಾವುದು: ಟೆಲಿಫೋನ್ ಆಪರೇಟರ್ ಕನ್ಸೋಲ್ ಆಯ್ಕೆಗೊಂದು ಮಾರ್ಗದರ್ಶಿ

ಹೊರಗಿನಿಂದ ಬಂದ ಕರೆಯನ್ನು ಆಪರೇಟರ್ ಎತ್ತಿಕೊಂಡು, ಯಾರು ಬೇಕೆಂದು ಕೇಳಿ, ಆ ವ್ಯಕ್ತಿಯನ್ನೋ ಕೊಠಡಿಯನ್ನೋ ಹುಡುಕಿ, ಲೈನ್ ಒಪ್ಪಿಸಿ, ಮುಂದಿನ ಕರೆಗೆ ಸಿದ್ಧರಾಗುವಷ್ಟರಲ್ಲಿ ಸುಮಾರು ಅರ್ಧ ನಿಮಿಷ ಕಳೆದಿರುತ್ತದೆ. ಆ ಅರ್ಧ ನಿಮಿಷದಲ್ಲಿ ಅವರ ಕಣ್ಣಿಗೆ ಏನು ಕಾಣಬೇಕು, ಕೈಗೆ ಏನು ಎಟುಕಬೇಕು ಎಂಬುದನ್ನು ನಿರ್ಧರಿಸುವ ಸಾಧನವೇ ಆಪರೇಟರ್ ಕನ್ಸೋಲ್. ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಷ್ಟು ಲೈನ್, ಎಷ್ಟು ಎಕ್ಸ್‌ಟೆನ್ಷನ್, ಎಷ್ಟು ಬೆಲೆ ಎಂಬಲ್ಲಿಂದ ಲೆಕ್ಕ ಆರಂಭಿಸುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ಹೊತ್ತಿನಲ್ಲಿ ಆಪರೇಟರ್‌ಗೆ ಬೇಕಾಗುವ ಮಾಹಿತಿ ಯಾವುದು, ಅದು ಈಗ ಎಲ್ಲಿದೆ?

ಈ ಪ್ರಶ್ನೆಗೆ ಹೋಟೆಲಿನ ಉತ್ತರ ಬೇರೆ, ಕಚೇರಿಯ ಉತ್ತರ ಬೇರೆ. ಹೋಟೆಲಿನಲ್ಲಿ ಫೋನು ಕದಲುವುದಿಲ್ಲ, ಅದನ್ನು ಎತ್ತುವವರು ಬದಲಾಗುತ್ತಿರುತ್ತಾರೆ. 412ನೇ ಕೊಠಡಿಯ ಎಕ್ಸ್‌ಟೆನ್ಷನ್ ವರ್ಷಗಟ್ಟಲೆ ಅದೇ ಇರುತ್ತದೆ, ಅಲ್ಲಿನ ಅತಿಥಿ ಮಾತ್ರ ಎರಡು ದಿನಕ್ಕೊಮ್ಮೆ ಹೊಸಬರು. ಕಚೇರಿಯಲ್ಲಿ ಮನುಷ್ಯರು ಬಹುಮಟ್ಟಿಗೆ ಅವರೇ ಇರುತ್ತಾರೆ, ಆದರೆ ಅವರು ಈಗ ಮೇಜಿನ ಬಳಿ ಇದ್ದಾರೋ ಸಭೆಯಲ್ಲಿದ್ದಾರೋ ಮನೆಯಿಂದ ಕೆಲಸ ಮಾಡುತ್ತಿದ್ದಾರೋ ಎಂಬುದು ಗಂಟೆಗಂಟೆಗೆ ಬದಲಾಗುತ್ತದೆ. ಆದ್ದರಿಂದ ಹೋಟೆಲಿನ ಕನ್ಸೋಲಿಗೆ ಜೀವಾಳವಾಗಿರುವುದು ಚೆಕ್-ಇನ್ ದಾಖಲೆಯೊಂದಿಗಿನ ಸಂಪರ್ಕ. ಕಚೇರಿಯ ಕನ್ಸೋಲಿಗೆ ಜೀವಾಳವಾಗಿರುವುದು ಸಿಬ್ಬಂದಿಯ ಡೈರೆಕ್ಟರಿ ಮತ್ತು ಅವರ ಲಭ್ಯತೆಯ ಸ್ಥಿತಿ. ಒಂದಕ್ಕೆಂದು ತಯಾರಾದದ್ದನ್ನು ಇನ್ನೊಂದಕ್ಕೆ ತಂದು ಕೂರಿಸಿದಾಗ ಎಲ್ಲ ಗುಂಡಿಗಳೂ ಕೆಲಸ ಮಾಡುತ್ತವೆ, ಆದರೂ ಆಪರೇಟರ್ ಮತ್ತೆ ಮತ್ತೆ ಕರೆಯನ್ನು ಹೋಲ್ಡ್‌ನಲ್ಲಿಟ್ಟು ಪಕ್ಕದವರನ್ನು ಕೇಳುವಂತಾಗುತ್ತದೆ.

ಮೊದಲ ವಾಣಿಜ್ಯ ಟೆಲಿಫೋನ್ ವಿನಿಮಯ ಕೇಂದ್ರವು 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ 21 ಚಂದಾದಾರರೊಂದಿಗೆ ಆರಂಭವಾಯಿತು. ಆನಂತರ ರೂಪುಗೊಂಡ, ಬಳ್ಳಿಯನ್ನು ರಂಧ್ರಕ್ಕೆ ಚುಚ್ಚಿ ಕರೆ ಜೋಡಿಸುವ ಕಾರ್ಡ್ (cord) ಬೋರ್ಡ್‌ಗಳಲ್ಲಿ ಯಾರು ಕರೆಯುತ್ತಿದ್ದಾರೆ, ಯಾರು ಮಾತಿನಲ್ಲಿದ್ದಾರೆ, ಯಾರಿಗೆ ಯಾರನ್ನು ಜೋಡಿಸಿದೆ ಎಂಬ ಮೂರು ಸಂಗತಿಗಳು ದೀಪ ಮತ್ತು ಬಳ್ಳಿಗಳ ರೂಪದಲ್ಲಿ ಒಂದೇ ನೋಟಕ್ಕೆ ಕಾಣುತ್ತಿದ್ದವು. ಇಂದಿನ ಯಾವುದೇ ಕನ್ಸೋಲನ್ನು ಅಳೆಯಲು ಈ ಮೂರೇ ಸಂಗತಿಗಳು ಈಗಲೂ ಒಳ್ಳೆಯ ಅಳತೆಗೋಲು. ಅವುಗಳಲ್ಲಿ ಒಂದನ್ನು ನೋಡಲು ಪರದೆ ಬದಲಿಸಬೇಕಾಗುವ ಕನ್ಸೋಲ್ ಎಷ್ಟು ಹೊಸದಾಗಿದ್ದರೂ ಆಪರೇಟರ್‌ಗೆ ಹೊರೆಯೇ.

ಮಾರುಕಟ್ಟೆಯಲ್ಲಿರುವ ಬಗೆಗಳು

ಅತ್ಯಂತ ಸರಳವಾದದ್ದು ಡೆಸ್ಕ್ ಫೋನಿಗೆ ಪಕ್ಕದ ಗುಂಡಿಫಲಕಗಳನ್ನು ಜೋಡಿಸಿಕೊಳ್ಳುವ ವ್ಯವಸ್ಥೆ. ಪ್ರತಿ ಗುಂಡಿಗೂ ಒಂದು ಎಕ್ಸ್‌ಟೆನ್ಷನ್. ಬಿಡುವಾಗಿದ್ದರೆ ಒಂದು ಬಣ್ಣ, ಮಾತಿನಲ್ಲಿದ್ದರೆ ಇನ್ನೊಂದು, ರಿಂಗ್ ಆಗುತ್ತಿದ್ದರೆ ಮಿನುಗು. ಕಂಪ್ಯೂಟರ್ ಜಾಲದ ಮೇಲೆ ನಡೆಯುವ ಐಪಿ ಫೋನುಗಳಲ್ಲಿ ಈ ದೀಪಗಳಿಗೆ ಬೇಕಾದ ಸ್ಥಿತಿಯ ಮಾಹಿತಿಯನ್ನು ಸಾಮಾನ್ಯವಾಗಿ ಸಿಪ್ (SIP) ಎಂಬ ಕರೆ ನಿಯಂತ್ರಣದ ಪ್ರೋಟೊಕಾಲ್ ಮೂಲಕ ತರಿಸಿಕೊಳ್ಳಲಾಗುತ್ತದೆ. 2005ರ ಆರ್‌ಎಫ್‌ಸಿ 4235 ಎಂಬ ಇಂಟರ್ನೆಟ್ ದಾಖಲೆ ಅದಕ್ಕೆ ಮಾನದಂಡವಾಗಿದೆ. ಫೋನು ಮತ್ತು ಪಿಬಿಎಕ್ಸ್ (ಸಂಸ್ಥೆಯೊಳಗಿನ ಕರೆಗಳನ್ನು ಜೋಡಿಸುವ ಖಾಸಗಿ ವಿನಿಮಯ ಕೇಂದ್ರ) ಬೇರೆ ಬೇರೆ ತಯಾರಕರವಾಗಿದ್ದರೆ ಎರಡೂ ಇದನ್ನು ಪಾಲಿಸುತ್ತವೆಯೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಕರೆಗಳು ಸರಿಯಾಗಿ ಹೋಗುತ್ತಿದ್ದರೂ ದೀಪಗಳು ಮಾತ್ರ ಹಳೆಯ ಸ್ಥಿತಿಯಲ್ಲಿಯೇ ನಿಂತುಬಿಡುವ ತೊಂದರೆ ಇಲ್ಲಿ ಸಾಮಾನ್ಯ. ಕೊಠಡಿ ಸಂಖ್ಯೆ ಬದಲಾಗದ ಸಣ್ಣ ಹೋಟೆಲಿಗೆ ಈ ಫಲಕ ಚೆನ್ನಾಗಿ ಹೊಂದುತ್ತದೆ. ಮಹಡಿಗೊಂದು ಸಾಲು ಎಂಬಂತೆ ಗುಂಡಿಗಳನ್ನು ಹೊಂದಿಸಿಕೊಂಡರೆ ಕೆಲವೇ ದಿನಗಳಲ್ಲಿ ಆಪರೇಟರ್‌ನ ಬೆರಳು ನೋಡದೆಯೇ ಸರಿಯಾದ ಜಾಗಕ್ಕೆ ಹೋಗುತ್ತದೆ. ಸಿಬ್ಬಂದಿ ಬಂದುಹೋಗುತ್ತಿರುವ ಕಚೇರಿಯಲ್ಲಿ ಇದೇ ಫಲಕದ ಹೆಸರುಚೀಟಿಗಳು ಬೇಗನೆ ಸುಳ್ಳಾಗುತ್ತವೆ. ಎಕ್ಸ್‌ಟೆನ್ಷನ್‌ಗಳು 80ನ್ನೋ 100ನ್ನೋ ದಾಟಿದ ಮೇಲೆ ಗುಂಡಿ ಹುಡುಕುವುದೇ ಹೆಸರು ಟೈಪ್ ಮಾಡುವುದಕ್ಕಿಂತ ನಿಧಾನವಾಗುತ್ತದೆ ಎಂಬುದು ನನ್ನ ಅಂದಾಜು.

ಎರಡನೆಯದು ಪಿಬಿಎಕ್ಸ್ ತಯಾರಕರೇ ತಮ್ಮ ಯಂತ್ರಕ್ಕೆಂದು ಮಾಡುವ ಪ್ರತ್ಯೇಕ ಕನ್ಸೋಲ್. ಬಿಡುಗಡೆ, ಹೋಲ್ಡ್, ಟ್ರಾನ್ಸ್‌ಫರ್, ರಾತ್ರಿ ಸೇವೆ (ಮೇಜು ಮುಚ್ಚಿದಾಗ ಕರೆಗಳನ್ನು ಬೇರೆಡೆಗೆ ಕಳಿಸುವುದು) ಮುಂತಾದವುಗಳಿಗೆ ಇದರಲ್ಲಿ ಸ್ಥಿರವಾದ ಗುಂಡಿಗಳಿರುತ್ತವೆ. ದಿನವಿಡೀ ಕರೆ ಸ್ವೀಕರಿಸುವ ಅನುಭವಿ ಆಪರೇಟರ್‌ಗಳು ಇದನ್ನು ಬಿಟ್ಟುಕೊಡಲು ಹಿಂಜರಿಯುತ್ತಾರೆ, ಮತ್ತು ಆ ಹಿಂಜರಿಕೆಯನ್ನು ಹಠವೆಂದು ತಳ್ಳಿಹಾಕಬಾರದು. ಕೈಗೆ ರೂಢಿಯಾದ ಗುಂಡಿಯ ವೇಗವನ್ನು ಮೌಸ್ ಹಿಡಿದು ಸಾಧಿಸುವುದು ಕಷ್ಟ. ಇದರ ದೌರ್ಬಲ್ಯವಿರುವುದು ಬೇರೆಡೆ. ಆ ಕನ್ಸೋಲ್ ಆ ತಯಾರಕರ ಪಿಬಿಎಕ್ಸ್‌ಗೆ ಮಾತ್ರ ಹೊಂದುತ್ತದೆ, ಹಾಗಾಗಿ ಕೊಳ್ಳುವವರು ಒಂದು ಸಾಧನವನ್ನಷ್ಟೇ ಅಲ್ಲದೆ ಒಂದು ಕಂಪನಿಯ ಮುಂದಿನ ಹತ್ತು ವರ್ಷಗಳನ್ನೂ ನಂಬಿದಂತಾಗುತ್ತದೆ. ಈ ಕ್ಷೇತ್ರದ ದೊಡ್ಡ ಹೆಸರುಗಳಾದ ಅವಾಯಾ 2017ರಲ್ಲಿ ಮತ್ತು ಮತ್ತೆ 2023ರಲ್ಲಿ, ಮೈಟೆಲ್ 2025ರಲ್ಲಿ, ಅಮೆರಿಕದ ದಿವಾಳಿ ಕಾಯ್ದೆಯ 11ನೇ ಅಧ್ಯಾಯದಡಿ ಸಾಲದ ಪುನಾರಚನೆಗೆ ಹೋದವು. ಇದರಿಂದ ಆ ಉತ್ಪನ್ನಗಳು ಕೆಟ್ಟವೆಂದಾಗುವುದಿಲ್ಲ. ಆದರೂ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಈ ಮಾದರಿಯ ಮಾರಾಟ ನಿಂತ ಮೇಲೆ ದುರಸ್ತಿಯ ಹೊಣೆ ಯಾರದು ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಜಾಣತನ.

ಮೂರನೆಯದು ಕಂಪ್ಯೂಟರಿನಲ್ಲಿ ನಡೆಯುವ ಸಾಫ್ಟ್‌ವೇರ್ ಕನ್ಸೋಲ್. ಸಿಸ್ಕೊ, ಮೈಟೆಲ್, ಅಲ್ಕಾಟೆಲ್-ಲೂಸೆಂಟ್ ಮುಂತಾದವರ ಸ್ವಂತ ತಂತ್ರಾಂಶಗಳಿಂದ ಹಿಡಿದು, ಮುಕ್ತ ಪಿಬಿಎಕ್ಸ್ ತಂತ್ರಾಂಶವಾದ ಆಸ್ಟೆರಿಸ್ಕ್ ಮೇಲೆ ಕೂರುವ ಫ್ಲ್ಯಾಶ್ ಆಪರೇಟರ್ ಪ್ಯಾನೆಲ್‌ವರೆಗೆ ಇಲ್ಲಿ ಆಯ್ಕೆ ವಿಸ್ತಾರವಾಗಿದೆ. ಹೆಸರಿನ ಮೂರು ಅಕ್ಷರ ಹೊಡೆದರೆ ಪಟ್ಟಿ ಕಿರಿದಾಗುವ ಹುಡುಕಾಟ, ಕರೆ ಬಂದ ಸಂಖ್ಯೆಗೆ ತಕ್ಕ ಸ್ವಾಗತ ವಾಕ್ಯ, ಕಾಯುತ್ತಿರುವ ಕರೆಗಳ ಸಾಲು, ಪ್ರತಿ ವ್ಯಕ್ತಿಯ ಬಗ್ಗೆ ಟಿಪ್ಪಣಿ, ಇವೆಲ್ಲ ಇದರ ಬಲ. ಆದರೆ ಪ್ರದರ್ಶನದ ವೇಳೆ ಬಹುತೇಕರು ಕೇಳಲು ಮರೆಯುವ ಒಂದು ಪ್ರಶ್ನೆಯಿದೆ: ಕರೆಯ ಧ್ವನಿ ಎಲ್ಲಿ ಹರಿಯುತ್ತದೆ? ಕೆಲವು ತಂತ್ರಾಂಶಗಳಲ್ಲಿ ಧ್ವನಿ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಕೆಲವು ಪಕ್ಕದಲ್ಲಿರುವ ಡೆಸ್ಕ್ ಫೋನನ್ನು ದೂರದಿಂದ ನಿಯಂತ್ರಿಸುತ್ತವೆಯಷ್ಟೆ. ಮೊದಲ ಬಗೆಯಲ್ಲಿ ಕಂಪ್ಯೂಟರ್ ಸ್ತಬ್ಧವಾದರೆ ಕರೆಯೂ ಸತ್ತುಹೋಗುತ್ತದೆ. ಎರಡನೆಯದರಲ್ಲಿ ಪರದೆ ಕಪ್ಪಾದರೂ ಆಪರೇಟರ್ ರಿಸೀವರ್ ಎತ್ತಿ ಕೆಲಸ ಮುಂದುವರಿಸಬಹುದು. ಒಬ್ಬರೇ ಆಪರೇಟರ್ ಇರುವ ಕಡೆ ನಾನು ಸಂಕೋಚವಿಲ್ಲದೆ ಎರಡನೆಯದನ್ನೇ ಶಿಫಾರಸು ಮಾಡುತ್ತೇನೆ. ಇನ್ನೊಂದು ಮಾತು: ಮೌಸ್ ಮುಟ್ಟದೆ ಬರೀ ಕೀಬೋರ್ಡಿನಿಂದ ಕರೆ ಎತ್ತಿ, ಹುಡುಕಿ, ಒಪ್ಪಿಸಿ ಮುಗಿಸಲು ಬಾರದ ಸಾಫ್ಟ್‌ವೇರನ್ನು ಕರೆಯ ಒತ್ತಡವಿರುವ ಮೇಜಿಗೆ ತರಬೇಡಿ.

ನಾಲ್ಕನೆಯದಾದ ಕ್ಲೌಡ್ ಕನ್ಸೋಲ್ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ತಿಂಗಳ ಬಾಡಿಗೆ, ಎಲ್ಲಿಂದ ಬೇಕಾದರೂ ಕೆಲಸ, ಸರ್ವರ್ ನಿರ್ವಹಣೆಯ ತಲೆನೋವಿಲ್ಲ. ಹಲವು ಶಾಖೆಗಳ ಕರೆಯನ್ನು ಒಂದೇ ತಂಡ ನೋಡಿಕೊಳ್ಳುವ ಸಂಸ್ಥೆಗಳಿಗೆ ಇದು ಸಹಜವಾದ ಆಯ್ಕೆ. ಸಾಮಾನ್ಯ ಗುಣಮಟ್ಟದ ಜಿ.711 ಎಂಬ ಮಾನದಂಡದ ಧ್ವನಿ ಸೆಕೆಂಡಿಗೆ 64 ಕಿಲೋಬಿಟ್‌ನದ್ದು; ಅದನ್ನು ಹೊತ್ತೊಯ್ಯುವ ದತ್ತಾಂಶ ಪೊಟ್ಟಣಗಳ (ಪ್ಯಾಕೆಟ್) ಹೊರೆ ಸೇರಿದರೂ ಈಥರ್‌ನೆಟ್ ಮೇಲೆ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು, ಆದ್ದರಿಂದ ತೊಡಕಾಗುವುದು ಸಾಮಾನ್ಯವಾಗಿ ಸಂಪರ್ಕದ ವೇಗದಿಂದಲ್ಲ, ವಿಳಂಬ ಮತ್ತು ಆ ವಿಳಂಬದ ಏರುಪೇರಿನಿಂದ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಹೆಚ್ಚಿನ ಸಂಭಾಷಣೆಗಳಿಗೆ ಅಡ್ಡಿಯಾಗದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ; ಕರೆಗಳು ಹೆಚ್ಚಿರುವ ಹೊತ್ತಿನಲ್ಲಿಯೇ ಇದನ್ನು ಅಳೆದು ನೋಡಬೇಕು. ಹೋಟೆಲಿನವರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು: ಇಂಟರ್ನೆಟ್ ಕಡಿದುಹೋದಾಗ ಕೊಠಡಿಯಿಂದ ರಿಸೆಪ್ಷನ್ನಿಗೆ ಕರೆ ಹೋಗುತ್ತದೆಯೇ? ಹೋಗದಿದ್ದರೆ, ಸ್ಥಳದಲ್ಲಿಯೇ ಒಳಗಿನ ಕರೆಗಳನ್ನು ಜೋಡಿಸುವ ಸಣ್ಣ ಗೇಟ್‌ವೇ ಸಾಧನ ಇಲ್ಲದೆ ಈ ವ್ಯವಸ್ಥೆಯನ್ನು ಒಪ್ಪಬಾರದು.

ಆಪರೇಟರ್ ಬದಲು ಧ್ವನಿಮುದ್ರಿತ ಮೆನು ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಬೇಕಾದ ವಿಭಾಗ ಯಾವುದೆಂದು ಮೊದಲೇ ಗೊತ್ತಿರುವ ಕರೆಗಾರರಿಗೆ ಅದು ಸಾಕು. ಉಳಿದವರಿಗೆ ಮನುಷ್ಯರೇ ಬೇಕು.

ಹೋಟೆಲಿನವರು ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ

ಹೋಟೆಲ್ ನಿರ್ವಹಣಾ ತಂತ್ರಾಂಶ, ಅಂದರೆ ಪಿಎಂಎಸ್, ಮತ್ತು ಟೆಲಿಫೋನ್ ವ್ಯವಸ್ಥೆಯ ನಡುವಿನ ಸಂಪರ್ಕದಲ್ಲಿಯೇ ಕನ್ಸೋಲಿನ ಅರ್ಧಕ್ಕಿಂತ ಹೆಚ್ಚು ಬೆಲೆ ಅಡಗಿದೆ ಎಂದರೆ ಅತಿಶಯವಲ್ಲ. ಚೆಕ್-ಇನ್ ಆದ ಕ್ಷಣ ಅತಿಥಿಯ ಹೆಸರು ಕನ್ಸೋಲಿನಲ್ಲಿ ಆ ಕೊಠಡಿಯ ಎದುರು ಮೂಡಬೇಕು, ಹೊರಗಿನ ಕರೆಗೆ ಅವಕಾಶ ತೆರೆದುಕೊಳ್ಳಬೇಕು. ಚೆಕ್-ಔಟ್ ಆದೊಡನೆ ಹೆಸರು ಅಳಿದು, ವಾಯ್ಸ್‌ಮೇಲ್ ಖಾಲಿಯಾಗಿ, ಹೊರಕರೆ ಮುಚ್ಚಬೇಕು. ವಿರುದ್ಧ ದಿಕ್ಕಿನಲ್ಲಿ, ಕರೆಯ ವೆಚ್ಚ, ಮಿನಿಬಾರ್ ಬಳಕೆ ಮತ್ತು ಹೌಸ್‌ಕೀಪಿಂಗ್‌ನವರು ಕೊಠಡಿಯ ಫೋನಿನಿಂದಲೇ ಒತ್ತುವ ‘ಕೊಠಡಿ ಸಿದ್ಧ’ ಎಂಬ ಸಂಕೇತ ಪಿಎಂಎಸ್ ತಲುಪಬೇಕು. ಮಾರಾಟಗಾರರು ‘ಪಿಎಂಎಸ್ ಸಂಪರ್ಕವಿದೆ’ ಎಂದು ಹೇಳಿದಾಗ ಅದು ಒಂದೇ ದಿಕ್ಕಿನದ್ದೋ ಎರಡೂ ದಿಕ್ಕಿನದ್ದೋ ಎಂದು ಬಿಡಿಸಿ ಕೇಳಿ, ನಿಮ್ಮದೇ ಪಿಎಂಎಸ್‌ನ ಆವೃತ್ತಿಯೊಂದಿಗೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ.

ಸಂಪರ್ಕ ಕೆಲಸ ಮಾಡುತ್ತಿರುವಾಗ ಎಲ್ಲ ವ್ಯವಸ್ಥೆಗಳೂ ಒಂದೇ ತೆರನಾಗಿ ಕಾಣುತ್ತವೆ. ವ್ಯತ್ಯಾಸ ಬಯಲಾಗುವುದು ಅದು ಕಡಿದು ಮತ್ತೆ ಕೂಡಿದಾಗ. ಪರೀಕ್ಷೆ ಸುಲಭವಾದದ್ದು: ಎರಡು ವ್ಯವಸ್ಥೆಗಳ ನಡುವಿನ ತಂತಿಯನ್ನು ಕಿತ್ತು, ಒಬ್ಬ ಅತಿಥಿಯನ್ನು ಚೆಕ್-ಔಟ್ ಮಾಡಿ, ಅದೇ ಕೊಠಡಿಗೆ ಇನ್ನೊಬ್ಬರನ್ನು ಚೆಕ್-ಇನ್ ಮಾಡಿ, ಹತ್ತು ನಿಮಿಷದ ನಂತರ ತಂತಿಯನ್ನು ಮತ್ತೆ ಜೋಡಿಸಬೇಕು. ಒಳ್ಳೆಯ ವ್ಯವಸ್ಥೆ ಎಲ್ಲ ಕೊಠಡಿಗಳ ಮಾಹಿತಿಯನ್ನೂ ಮೊದಲಿನಿಂದ ತರಿಸಿಕೊಂಡು ಸರಿಪಡಿಸಿಕೊಳ್ಳುತ್ತದೆ. ಅರೆಬರೆ ವ್ಯವಸ್ಥೆಯಲ್ಲಿ ಹಳೆಯ ಅತಿಥಿಯ ಹೆಸರು ಹಾಗೆಯೇ ಉಳಿದು, ಅವರ ವಾಯ್ಸ್‌ಮೇಲ್ ಹೊಸಬರ ಕಿವಿಗೆ ಬೀಳುತ್ತದೆ. ಇದೇ ರೀತಿ ಅತಿಥಿಯ ಕೊಠಡಿ ಬದಲಾದಾಗ ಅವರು ಹೇಳಿಟ್ಟ ವೇಕ್-ಅಪ್ ಕರೆ, ‘ತೊಂದರೆ ಕೊಡಬೇಡಿ’ ಸೂಚನೆ, ಬಂದ ಸಂದೇಶಗಳು ಅವರ ಜೊತೆಗೇ ಹೋಗುತ್ತವೆಯೇ ಎಂದೂ ನೋಡಬೇಕು.

ವೇಕ್-ಅಪ್ ಕರೆಯ ವಿಷಯದಲ್ಲಿ ಕರೆ ಹೋಯಿತೆಂಬುದಕ್ಕಿಂತ ಅತಿಥಿ ಎದ್ದರೇ ಎಂಬುದು ಮುಖ್ಯ. ಉತ್ತರ ಬಾರದಿದ್ದರೆ ಎಷ್ಟು ನಿಮಿಷಕ್ಕೆ ಮತ್ತೆ ರಿಂಗ್ ಆಗುತ್ತದೆ, ಎರಡು ಸಲವೂ ಎತ್ತದಿದ್ದರೆ ಆಪರೇಟರ್ ಪರದೆಯಲ್ಲಿ ಎದ್ದುಕಾಣುವ ಎಚ್ಚರಿಕೆ ಬರುತ್ತದೆಯೇ, ಮರುದಿನ ದೂರು ಬಂದಾಗ ತೋರಿಸಲು ಸಮಯಸಹಿತ ದಾಖಲೆ ಉಳಿಯುತ್ತದೆಯೇ ಎಂಬುದನ್ನು ಕೇಳಬೇಕು. ವಿಮಾನ ತಪ್ಪಿಸಿಕೊಂಡ ಅತಿಥಿಗೆ ಕೊಡಬಹುದಾದ ಸಮಾಧಾನವೇನೂ ಇರುವುದಿಲ್ಲ.

ಹಳೆಯ ಕಟ್ಟಡಗಳಲ್ಲಿ ಕೊಠಡಿಯ ಫೋನುಗಳು ಇನ್ನೂ ಅನಲಾಗ್ ಆಗಿರುವುದರಿಂದ ಹೊಸ ಐಪಿ ಪಿಬಿಎಕ್ಸ್‌ಗೆ ಅವನ್ನು ಬೆಸೆಯುವ ಗೇಟ್‌ವೇ ಬೇಕಾಗುತ್ತದೆ. ಇಲ್ಲೊಂದು ಸಣ್ಣ ತೊಡಕು ಹಲವರನ್ನು ಕಾಡಿದೆ. ಫೋನಿನ ಮೇಲಿನ ಸಂದೇಶ ದೀಪ ನಿಯಾನ್ ಬಗೆಯದ್ದಾಗಿದ್ದರೆ ಅದು ಬೆಳಗಲು 90 ವೋಲ್ಟ್‌ಗಳ ಆಸುಪಾಸಿನ ವಿದ್ಯುತ್ ಬೇಕು. ಸಾಮಾನ್ಯ ಲೈನಿನಲ್ಲಿರುವುದು 48 ವೋಲ್ಟ್. ಎಲ್ಲ ಗೇಟ್‌ವೇಗಳೂ ಆ ಹೆಚ್ಚಿನ ವೋಲ್ಟೇಜ್ ಕೊಡುವುದಿಲ್ಲ. ಕನ್ಸೋಲಿನಲ್ಲಿ ಸಂದೇಶ ಇಟ್ಟಾಯಿತೆಂದು ಕಾಣುತ್ತದೆ, ಕೊಠಡಿಯಲ್ಲಿ ದೀಪ ಹತ್ತುವುದಿಲ್ಲ. ನೂರಾರು ಫೋನು ಬದಲಿಸುವ ಖರ್ಚು ಆಮೇಲೆ ಎದುರಾಗದಂತೆ ಒಂದು ಕೊಠಡಿಯಲ್ಲಿ ಮೊದಲೇ ಪರೀಕ್ಷಿಸುವುದು ಒಳಿತು.

ತುರ್ತು ಕರೆಯ ವಿಚಾರದಲ್ಲಿ ರಾಜಿಗೆ ಅವಕಾಶವಿಲ್ಲ. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನ ಹೋಟೆಲ್ ಕೊಠಡಿಯೊಂದರಲ್ಲಿ ತಾಯಿಯ ಮೇಲೆ ದಾಳಿ ನಡೆಯುತ್ತಿದ್ದಾಗ ಒಂಬತ್ತು ವರ್ಷದ ಮಗಳು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಮತ್ತೆ ಮತ್ತೆ ಕರೆ ಮಾಡಲು ಯತ್ನಿಸಿದಳು. ಹೊರ ಲೈನಿಗಾಗಿ ಮೊದಲು 9 ಒತ್ತಬೇಕಾಗಿದ್ದುದು ಅವಳಿಗೆ ತಿಳಿದಿರಲಿಲ್ಲ, ಕರೆ ಹೋಗಲೇ ಇಲ್ಲ, ತಾಯಿ ಉಳಿಯಲಿಲ್ಲ. ಆ ತಾಯಿಯ ಹೆಸರನ್ನು ಹೊತ್ತ ಕಾರೀಸ್ ಲಾ ಎಂಬ ಕಾನೂನಿಗೆ 2018ರಲ್ಲಿ ಸಹಿ ಬಿದ್ದಿತು. 2020ರ ಫೆಬ್ರವರಿ 16ರ ನಂತರ ಆ ದೇಶದಲ್ಲಿ ಅಳವಡಿಸುವ ಬಹು ಲೈನ್ ವ್ಯವಸ್ಥೆಗಳಲ್ಲಿ ಪೂರ್ವಸಂಖ್ಯೆಯಿಲ್ಲದೆ ತುರ್ತು ಕರೆ ಹೋಗಬೇಕು, ಹೋದೊಡನೆ ಫ್ರಂಟ್ ಡೆಸ್ಕ್‌ನಂಥ ಕೇಂದ್ರ ಸ್ಥಳಕ್ಕೆ ಸೂಚನೆ ತಲುಪಬೇಕು. ಕಾನೂನು ಎಲ್ಲಿಯದೇ ಇರಲಿ, ಈ ಎರಡೂ ಗುಣಗಳು ಪ್ರತಿ ಹೋಟೆಲಿನಲ್ಲಿರಬೇಕು. ಕನ್ಸೋಲಿನಲ್ಲಿ ಕೊಠಡಿ ಸಂಖ್ಯೆಯೊಂದಿಗೆ, ಬೇರೆ ಕರೆಗಳ ಸದ್ದಿನಿಂದ ಭಿನ್ನವಾದ ಸದ್ದಿನೊಂದಿಗೆ ಆ ಎಚ್ಚರಿಕೆ ಬರಬೇಕು, ಯಾರಾದರೂ ಒಪ್ಪಿಕೊಳ್ಳುವವರೆಗೆ ನಿಲ್ಲಬಾರದು.

ಕಚೇರಿಯ ಲೆಕ್ಕ

ಕಚೇರಿಯಲ್ಲಿ ಮೊದಲು ನೋಡಬೇಕಾದದ್ದು ಡೈರೆಕ್ಟರಿ ಯಾರ ಕೈಯಲ್ಲಿದೆ ಎಂಬುದನ್ನು. ಕನ್ಸೋಲಿಗೆಂದೇ ಪ್ರತ್ಯೇಕ ಪಟ್ಟಿಯನ್ನು ಟೈಪ್ ಮಾಡಿಟ್ಟರೆ ಅದು ಆರು ತಿಂಗಳಲ್ಲಿ ಹಳಸುತ್ತದೆ. ಸಂಸ್ಥೆಯ ಮೂಲ ಪಟ್ಟಿಯಿಂದ ತಾನಾಗಿ ತರಿಸಿಕೊಳ್ಳುವಂತಿದ್ದರೆ ಹೊಸಬರು ಸೇರಿದ ದಿನವೇ ಆಪರೇಟರ್‌ಗೆ ಸಿಗುತ್ತಾರೆ. ಹುಡುಕಾಟ ಹೆಸರಿನಿಂದ ಮಾತ್ರ ಸಾಲದು. ಕರೆಗಾರರು ಅನೇಕ ವೇಳೆ ‘ಬಿಲ್ ಕಳಿಸುವವರು’ ಎಂದೋ ‘ನಿನ್ನೆ ಮಾತಾಡಿದ ಮೇಡಂ’ ಎಂದೋ ಕೇಳುತ್ತಾರೆ, ಹಾಗಾಗಿ ವಿಭಾಗ, ಹುದ್ದೆ, ಟಿಪ್ಪಣಿಗಳಲ್ಲಿಯೂ ಹುಡುಕಲು ಬರಬೇಕು. ಒಂದೇ ಹೆಸರಿಗೆ ನಾಲ್ಕು ಬಗೆಯ ಕಾಗುಣಿತವಿರುವಾಗ ಉಚ್ಚಾರಣೆಯಿಂದ ಹುಡುಕುವ ಸೌಲಭ್ಯವಿದ್ದರೆ ತುಂಬ ಉಪಕಾರ. ಒಪ್ಪಿಸಿದ ಕರೆಯನ್ನು ಯಾರೂ ಎತ್ತದಿದ್ದಾಗ ಅದು ಆಪರೇಟರ್ ಬಳಿಗೇ ಹಿಂದಿರುಗಬೇಕು, ಹಿಂದಿರುಗುವಾಗ ಮೊದಲು ಯಾರಿಗೆ ಕಳಿಸಿದ್ದೆಂಬುದು ಪರದೆಯ ಮೇಲೆ ಕಾಣಬೇಕು. ಈ ಒಂದು ಸಾಲು ಇಲ್ಲದಿದ್ದರೆ ಆಪರೇಟರ್ ಕರೆಗಾರರನ್ನು ಮತ್ತೆ ‘ಯಾರು ಬೇಕಿತ್ತು’ ಎಂದು ಕೇಳಬೇಕಾಗುತ್ತದೆ, ಕರೆಗಾರರ ತಾಳ್ಮೆ ಅಲ್ಲಿಗೆ ಮುಗಿಯುತ್ತದೆ.

ಎಷ್ಟು ಕನ್ಸೋಲ್ ಬೇಕೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕ್‌ನ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರಗಳು ಈಗಲೂ ಸಾಕು. ಅತಿ ಒತ್ತಡದ ಗಂಟೆಯಲ್ಲಿ 120 ಕರೆಗಳು ಬರುತ್ತವೆ, ಪ್ರತಿಯೊಂದಕ್ಕೂ 30 ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳೋಣ; ಒಟ್ಟು ಕೆಲಸ 3,600 ಸೆಕೆಂಡು, ಅಂದರೆ ಒಬ್ಬ ಆಪರೇಟರ್‌ನ ಪೂರ್ತಿ ಒಂದು ಗಂಟೆ. ಒಬ್ಬರೇ ಸಾಕೆಂದು ಕಾಗದದ ಮೇಲೆ ಕಾಣುತ್ತದೆ, ಆದರೆ ಕರೆಗಳು ಸಾಲಾಗಿ ಬರುವುದಿಲ್ಲವಾದ್ದರಿಂದ ಕಾಯುವವರ ಸಾಲು ಬೆಳೆಯುತ್ತಲೇ ಹೋಗುತ್ತದೆ. ಇಬ್ಬರಿದ್ದರೆ ಮೂವರು ಕರೆಗಾರರಲ್ಲಿ ಒಬ್ಬರು ಕಾಯಬೇಕಾಗುತ್ತದೆ, ಎಲ್ಲ ಕರೆಗಳ ಸರಾಸರಿ ಕಾಯುವಿಕೆ 10 ಸೆಕೆಂಡು. ಮೂವರಿದ್ದರೆ ಕಾಯುವವರು ಹನ್ನೊಂದರಲ್ಲಿ ಒಬ್ಬರು, ಸರಾಸರಿ ಒಂದೂವರೆ ಸೆಕೆಂಡಿಗಿಂತ ಕಡಿಮೆ. ಒಳ್ಳೆಯ ಕನ್ಸೋಲ್ ಪ್ರತಿ ಕರೆಯಿಂದ 10 ಸೆಕೆಂಡು ಉಳಿಸಿಕೊಟ್ಟರೆ ಅದರ ಪರಿಣಾಮವನ್ನು ಇದೇ ಲೆಕ್ಕದಲ್ಲಿ ಕಾಣಬಹುದು: ಕರೆಗೆ 20 ಸೆಕೆಂಡು ಸಾಕಾದಾಗ ಇಬ್ಬರು ಆಪರೇಟರ್‌ಗಳೊಂದಿಗೆ ಸರಾಸರಿ ಕಾಯುವಿಕೆ 10 ಸೆಕೆಂಡಿನಿಂದ ಎರಡೂವರೆ ಸೆಕೆಂಡಿಗೆ ಇಳಿಯುತ್ತದೆ. ದುಬಾರಿ ಎನಿಸುವ ಲೈಸೆನ್ಸಿನ ಬೆಲೆಯನ್ನು ಅಗ್ಗದ್ದರೊಂದಿಗೆ ಹೋಲಿಸುವಾಗ ಈ ಅಂಕಿಯೂ ಮೇಜಿನ ಮೇಲಿರಬೇಕು.

ಯಾರು ಕೂರುತ್ತಾರೆ ಎಂಬುದನ್ನು ಮರೆಯದೆ

ಟೆಲಿಫೋನ್ ಆಪರೇಟರ್ ಕೆಲಸವು ದೃಷ್ಟಿಹೀನರು ಬಹಳ ಕಾಲದಿಂದ ಘನತೆಯಿಂದ ನಿರ್ವಹಿಸಿಕೊಂಡು ಬಂದಿರುವ ವೃತ್ತಿ. ಗುಂಡಿಗಳ ಕನ್ಸೋಲ್ ಸ್ಪರ್ಶಕ್ಕೆ ಒದಗುತ್ತಿತ್ತು. ಬ್ರೈಲ್ ಸಾಲು ಜೋಡಿಸುವ, ಸ್ಥಿತಿಯನ್ನು ಮಾತಿನಲ್ಲಿ ಹೇಳುವ ಮಾದರಿಗಳೂ ಬಂದವು. ಇಂದು ಬಣ್ಣದ ಚುಕ್ಕೆಗಳಿಂದಲೇ ಎಲ್ಲವನ್ನೂ ಹೇಳುವ, ಮೌಸಿನಿಂದ ಎಳೆದು ಬಿಟ್ಟರಷ್ಟೇ ಕರೆ ಹೋಗುವ ಸಾಫ್ಟ್‌ವೇರ್ ತಂದು ಕೂರಿಸಿದರೆ ಇಪ್ಪತ್ತು ವರ್ಷದ ಅನುಭವವಿರುವವರು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದವರಂತಾಗುತ್ತಾರೆ, ಮತ್ತು ಇದು ನನಗೆ ನಿಜವಾಗಿಯೂ ನೋವು ತರುವ ಸಂಗತಿ. ಪರದೆಯ ಬರಹವನ್ನು ಓದಿ ಹೇಳುವ ಜಾಸ್, ಎನ್‌ವಿಡಿಎ ಮುಂತಾದ ಸ್ಕ್ರೀನ್ ರೀಡರ್‌ಗಳೊಂದಿಗೆ ಕನ್ಸೋಲ್ ಪೂರ್ತಿ ಕೆಲಸ ಮಾಡುತ್ತದೆಯೇ ಎಂದು ಮಾರಾಟಗಾರರನ್ನು ಕೇಳಿದರೆ ‘ಹೌದು’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಪರದೆಯನ್ನು ಆರಿಸಿ, ಸ್ಕ್ರೀನ್ ರೀಡರ್ ಬಳಸಿ ಬಲ್ಲವರಿಂದಲೇ ಐದು ಕರೆಗಳನ್ನು ಮಾಡಿಸಿ ನೋಡುವುದು ಸರಿಯಾದ ಕ್ರಮ. ಸ್ಕ್ರೀನ್ ರೀಡರಿನ ಮಾತು ಒಂದು ಕಿವಿಗೆ, ಕರೆಗಾರರ ಮಾತು ಇನ್ನೊಂದು ಕಿವಿಗೆ ಬರುವಂತೆ ಹೆಡ್‌ಸೆಟ್ ಹೊಂದಿಸಲು ಆಗುತ್ತದೆಯೇ ಎಂದೂ ಅಲ್ಲಿಯೇ ತಿಳಿಯುತ್ತದೆ.

ವಂಚನೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಅದಕ್ಕೆ ಗುರಿಯಾಗುವುದು ಇದೇ ಕುರ್ಚಿ. ದುರಸ್ತಿ ಮಾಡುವವರೆಂದು ಹೇಳಿಕೊಂಡು ‘ನನ್ನನ್ನು 90ಕ್ಕೆ ವರ್ಗಾಯಿಸಿ’ ಎಂದು ಕೇಳುವ ಹಳೆಯ ಮೋಸದಲ್ಲಿ, ಹೊರ ಲೈನಿಗೆ 9 ಒತ್ತಬೇಕಾದ ಪಿಬಿಎಕ್ಸ್ ಆ ಕರೆಗಾರರಿಗೆ ಸಂಸ್ಥೆಯ ಖರ್ಚಿನಲ್ಲಿ ಹೊರಗಿನ ಲೈನನ್ನು ಕೊಟ್ಟುಬಿಡುತ್ತದೆ. ಹೊರಗಿನ ಕರೆಯನ್ನು ಮತ್ತೆ ಹೊರಗಿನ ಲೈನಿಗೆ ವರ್ಗಾಯಿಸುವುದನ್ನು ವ್ಯವಸ್ಥೆಯಲ್ಲಿಯೇ ತಡೆಯಲು, ಅಗತ್ಯವಿರುವವರಿಗೆ ಮಾತ್ರ ತೆರೆಯಲು ಬರಬೇಕು. ಹೋಟೆಲಿನಲ್ಲಿ ಇದಕ್ಕೆ ಸಮನಾದ ಎಚ್ಚರ ಅತಿಥಿಯ ಗೌಪ್ಯತೆಯದು: ಆಪರೇಟರ್ ಪರದೆಯಲ್ಲಿ ಹೆಸರೂ ಕೊಠಡಿಯೂ ಕಾಣಲಿ, ಆದರೆ ಗುರುತು ಹೇಳಬಾರದೆಂದು ಕೋರಿದ ಅತಿಥಿಯ ಎದುರು ಸ್ಪಷ್ಟವಾದ ಗುರುತಿರಲಿ, ಹೊರಗಿನವರು ಬರೀ ಕೊಠಡಿ ಸಂಖ್ಯೆ ಒತ್ತಿ ನೇರವಾಗಿ ಒಳಗೆ ಹೋಗುವ ದಾರಿ ಮುಚ್ಚಿರಲಿ.

ಕೊನೆಗೆ ಎರಡು ಆಯ್ಕೆಗಳು ಉಳಿದಾಗ ಅಂತಿಮ ತೀರ್ಪನ್ನು ಆಪರೇಟರ್‌ಗಳಿಗೇ ಬಿಡುವುದು ನನ್ನ ಸಲಹೆ. ಪ್ರತಿಯೊಂದನ್ನೂ ಒಂದು ವಾರ ಅವರ ಮೇಜಿನ ಮೇಲಿಟ್ಟು, ಒತ್ತಡದ ಗಂಟೆಯಲ್ಲಿ, ರಾತ್ರಿ ಪಾಳಿಯಲ್ಲಿ, ವಿದ್ಯುತ್ ತೆಗೆದು ಯುಪಿಎಸ್ ಮೇಲೆ ನಡೆಸಿ ನೋಡಬೇಕು. ಎಷ್ಟು ಸಲ ಕರೆಗಾರರಿಗೆ ‘ಒಂದು ನಿಮಿಷ ಇರಿ’ ಎನ್ನಬೇಕಾಯಿತು ಎಂದು ಅವರೇ ಒಂದು ಕಾಗದದಲ್ಲಿ ಗೆರೆ ಎಳೆದಿಟ್ಟುಕೊಳ್ಳಲಿ. ವಾರದ ಕೊನೆಯಲ್ಲಿ ಯಾವ ಕಾಗದದಲ್ಲಿ ಗೆರೆ ಕಡಿಮೆ ಇದೆಯೋ ಆ ಕನ್ಸೋಲಿಗೆ ಆದೇಶ ಕೊಡಿ. ಆದೇಶದಲ್ಲಿ ಒಂದು ಹೆಚ್ಚುವರಿ ಹೆಡ್‌ಸೆಟ್ ಮತ್ತು ಮೇಜಿನ ಕನ್ಸೋಲ್ ಕೆಟ್ಟಾಗ ಬಳಸಲು ಬೇರೆ ಕಂಪ್ಯೂಟರಿಗೋ ಫೋನಿಗೋ ವರ್ಗಾಯಿಸಬಹುದಾದ ಲೈಸೆನ್ಸ್ ಕೂಡ ಸೇರಿರಲಿ.